ಮುಂಗಾಲಿನ ಕಡಗ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸ. ಹಿರಿಯೂರಿನ ಹತ್ತಿರ ಹೆದ್ದಾರಿಯ ಪಕ್ಕ ನಿಂತು, ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿ, ಹತ್ತಿದ ಕೂಡಲೇ ನಾನು ನೋಡುವುದು ಟಿಕೆಟ್ಟನ್ನಲ್ಲ, ಮುಖವನ್ನು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ. ಇಲ್ಲವೇ ಆಗಷ್ಟೇ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಾನೆ. ಬಹಳ ಚಾಲಾಕಿಯಾದರೆ ಎಲ್ಲರಿಗಿಂತ ಮೊದಲು ಜೇಬಿಗೆ ಕೈ ಹಾಕಿ ಹುಡುಕತೊಡಗುತ್ತಾನೆ. ಇಷ್ಟು ವರ್ಷಗಳ ಸರ್ವೀಸಿನಲ್ಲಿ ಮುಖ ನೋಡಿಯೇ ಹೇಳಿಬಿಡುತ್ತೇನೆ ಎಂಬ ಜಂಬ ನನಗೆ ಬಂದುಬಿಟ್ಟಿತ್ತು. ಸಂಜೆ ಮನೆಗೆ ಬಂದು ಯೂನಿಫಾರಂ ಕಳಚುತ್ತಿದ್ದೆನೇ ಹೊರತು ಆ ಜಂಬವನ್ನಲ್ಲ. ಒಮ್ಮೆ ಸಾರಿಗೆ ಉಪ್ಪು ಯಾಕೆ ಕಡಿಮೆ ಎಂದು ಮೂರು ಸಲ ಕೇಳಿದ್ದಕ್ಕೆ ನನ್ನ ಹೆಂಡತಿ ಮುದ್ದೆಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, "ಟಿಕೆಟ್ ತೋರ್ಸಿ, ಆಮೇಲೆ ಉಣ್ರಿ" ಅಂದಿದ್ದಳು.

ನಮ್ಮದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ತಾಳ್ಯದ ಕಡೆಯ ಒಂದು ಸಣ್ಣ ಊರು. ತಲೆಮಾರುಗಳಿಂದ ಕುರಿ ಕಾಯುವ ಮನೆ. ನಾನೊಬ್ಬ ಓದಿ ನೌಕರಿ ಹಿಡಿದೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಕುರಿಗಳ ಜೊತೆಗೇ ಉಳಿದ. ಮನೆಯ ಹಿಂದೆ ಮುಳ್ಳುಬೇಲಿಯ ರೊಪ್ಪ. ಅದರಲ್ಲಿ ನಮ್ಮ ಕುರಿಗಳು, ಕುರಿಗಳ ನಡುವೆ ಮನೆದೇವರಿಗೆ ಬಿಟ್ಟ ಒಂದು ಟಗರು. ಆ ಟಗರಿನ ಮುಂಗಾಲಿಗೆ ಒಂದು ಹಿತ್ತಾಳೆ ಕಡಗ ಇರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಅವ್ವ ಅದರ ಕಾಲು ತೊಳೆದು, ಹಣೆಗೆ ಅರಿಶಿನ ಕುಂಕುಮ ಇಟ್ಟು ಮೇಯಲು ಬಿಡುತ್ತಾಳೆ. ಇದನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ಎಷ್ಟು ನೋಡಿದ್ದೇನೆಂದರೆ, ನೋಡುವುದನ್ನೇ ಬಿಟ್ಟಿದ್ದೆ.

ನಲವತ್ತು ದಾಟಿದ ಮೇಲೆ ನನಗೆ ಸ್ಪೋರ್ಟ್ಸ್ ಬೈಕಿನ ಹುಚ್ಚು ಹಿಡಿಯಿತು. ದಿನವೂ ಪಾಸಿನಲ್ಲಿ ಬಸ್ಸಿನಲ್ಲೇ ಓಡಾಡುವವನಿಗೆ, ವಾರಕ್ಕೊಮ್ಮೆಯಾದರೂ ಯಾವ ಸ್ಟಾಪಿನಲ್ಲೂ ನಿಲ್ಲದ ವಾಹನವೊಂದರ ಮೇಲೆ ಕೂರಬೇಕೆನಿಸಿತು. ಚಿತ್ರದುರ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಸಿಕ್ಕಿತು. ಮಾರುವವನು ಬಹಳ ನಗುತ್ತಿದ್ದ. ನಗುವ ಮಾರಾಟಗಾರನನ್ನು ನಾನು ನಂಬುವುದಿಲ್ಲ. ಟ್ಯಾಂಕಿನ ಮೇಲೆ ಅಯಸ್ಕಾಂತ ಹಿಡಿದು, ನೆಗ್ಗಿದಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆಯೇ ನೋಡಿದೆ, ಸೀಟು ಬಿಚ್ಚಿಸಿದೆ, ಮೀಟರಿನ ವೈರನ್ನು ಬೆರಳಿನಿಂದ ತಡವಿದೆ. ಕೊನೆಗೆ ಅವನ ನಗು ನಿಂತ ಮೇಲೆ ಕೊಂಡೆ.

ಗಾಡಿ ಮನೆಗೆ ಬಂದ ದಿನ ಅವ್ವ ನಿಂಬೆಹಣ್ಣು ತುಳಿಸಿದಳು. ತಮ್ಮ ಹತ್ತು ಹೆಜ್ಜೆ ದೂರದಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೋಲೂರಿ ನಿಂತಿದ್ದ. "ಚೆನ್ನಾಗೈತೆ ಕಣಣ್ಣ" ಅಂದ. ಅಂದು, ಬೇಲಿಯ ಕಡೆ ಮುಖ ತಿರುಗಿಸಿದ. ಅವನು ದೂರ ನಿಲ್ಲಲು ಕಾರಣವಿತ್ತು. ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಬೈಕ್ ಓಡಿಸಿಕೊಂಡು ಹೊಸದುರ್ಗದಿಂದ ಬರುವಾಗ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ಎರಡು ತಿಂಗಳು ಕುರಿಗಳ ಹಿಂದೆ ಅವ್ವ ಅಲೆದಳು. ಅವನು ಎದ್ದು ಓಡಾಡುವಂತಾದ ದಿನ ಅವ್ವ ಕಂಬಳಿ ಹಾಸಿ, ಅದರ ಮೇಲೆ ಅವನ ಕೈ ಇಡಿಸಿ, ಇನ್ನು ಬೈಕಿನ ಹ್ಯಾಂಡಲ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ನಮ್ಮ ಮನೆಯಲ್ಲಿ ಕಂಬಳಿ ಮುಟ್ಟಿ ಆಡಿದ ಮಾತಿಗೆ ತಪ್ಪಿದವನು ರೊಪ್ಪದೊಳಗೆ ಕಾಲಿಡುವಂತಿಲ್ಲ. ಕುರಿ ಕಾಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಅವನು ಮುಖ ತಿರುಗಿಸಿದ್ದು ನನಗೆ ಕಿಟಕಿಯಾಚೆ ನೋಡುವ ಪ್ರಯಾಣಿಕನ ಮುಖದಂತೆಯೇ ಕಂಡಿತು. ಮನಸ್ಸಿನ ಮೂಲೆಯಲ್ಲಿ ಅದನ್ನು ಬರೆದಿಟ್ಟುಕೊಂಡೆ.

ಗಾಡಿಗೊಂದು ರೋಗವಿತ್ತು. ಬ್ರೇಕ್ ಹಿಡಿದರೆ ಮುಂಭಾಗ ಮುಗ್ಗರಿಸಿದಂತೆ ಕುಸಿಯುತ್ತಿತ್ತು. ತಿರುವಿನಲ್ಲಿ ತೇಲುತ್ತಿತ್ತು. ಹಿರಿಯೂರಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೆಂಗಿನಕಾಯಿ ಲಾರಿಗಳು ನಿಲ್ಲುವ ಜಾಗದ ಹಿಂದೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾನೆ. ಅವನಿಗೆ ಇಂಥ ಗಾಡಿಗಳ ನಾಡಿ ಗೊತ್ತು ಎಂದು ನಮ್ಮ ಡ್ರೈವರೊಬ್ಬ ಹೇಳಿದ. ಹೋದೆ. ಹೋಗುವ ಮೊದಲು ಹೆಂಡತಿಯ ಉಗುರುಬಣ್ಣದಿಂದ ಎಲ್ಲ ತಿರುಪುಗಳ ಮೇಲೂ ಒಂದೊಂದು ಚುಕ್ಕೆ ಇಟ್ಟೆ. ತಿರುಗಿಸದೆಯೇ ತಿರುಗಿಸಿದೆ ಎಂದರೆ ಗೊತ್ತಾಗಬೇಕಲ್ಲ. ಮುದುಕ ಚುಕ್ಕೆಗಳನ್ನು ನೋಡಿದ, ನನ್ನನ್ನು ನೋಡಿದ, ಟೇಪು ಕೈಗೆತ್ತಿಕೊಂಡ.

"ಹತ್ತಿ ಕುಂತ್ಕಳ್ರಿ ಸಾರ್. ಕಾಲು ಮೇಲಿಡ್ರಿ. ಓಡಿಸೋವಾಗ ಹೆಂಗ್ ಕುಂತ್ಕಂತೀರೋ ಹಂಗೇ."

ಅವನ ಕಡೆಯವನೊಬ್ಬ ಮುಂದೆ ನಿಂತು ಹ್ಯಾಂಡಲ್ ಹಿಡಿದ. ಮುದುಕ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಟೇಪು ಹಿಡಿದ. ಈ ಗಾಡಿಯ ಮುಂದಿನ ಎರಡು ಕಾಲುಗಳಲ್ಲಿ ಮೇಲೆ ದಪ್ಪ ಕೊಳವೆ, ಅದರೊಳಗಿನಿಂದ ಕೆಳಗಿಳಿದು ಚಕ್ರವನ್ನು ಹಿಡಿದ ಹೊಳೆಯುವ ಸರಳು. ಗಾಡಿ ಕುಸಿದಾಗ ಸರಳು ಕೊಳವೆಯೊಳಗೆ ಹೋಗುತ್ತದೆ. ಚಕ್ರ ನೆಲಕ್ಕೆ ತಾಗದಂತೆ ಎತ್ತಿದಾಗ ಕಾಣುವ ಸರಳು ನೂರಾ ಇಪ್ಪತ್ತು ಮಿಲಿಮೀಟರ್. ನಾನು ಕೂತಾಗ ಅದರಲ್ಲಿ ಮೂವತ್ತರಿಂದ ಮೂವತ್ತೈದು ಒಳಗೆ ಹೋಗಬೇಕು. ಹೆಚ್ಚು ಹೋದರೆ ಸ್ಪ್ರಿಂಗ್ ಸಡಿಲ, ಕಡಿಮೆ ಹೋದರೆ ಬಿಗಿ. ಕೊಳವೆಯ ತಲೆಯ ಮೇಲಿನ ನಟ್ಟನ್ನು ತಿರುಗಿಸಿ ಅದನ್ನು ಹೊಂದಿಸಬೇಕು. ನನ್ನ ತೂಕಕ್ಕೆ ನನ್ನ ಗಾಡಿ. ಅದಾದ ಮೇಲೆ ಮುಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲನ್ನು ಒಂದೇ ಬೆರಳಿನಿಂದ ದೂಡಿ ತೋರಿಸಿದ. ಅದು ತಾನಾಗಿಯೇ ನಿಧಾನವಾಗಿ ಪಕ್ಕಕ್ಕೆ ವಾಲಿತು.

"ಹಿಂಗಿರ್ಬೇಕು. ಇದರ ನಟ್ಟು ಬಿಗಿ ಮಾಡಿದ್ರೆ ಗಾಡಿ ನಿಮ್ ಮಾತು ಕೇಳಲ್ಲ, ಲೂಜ್ ಆದ್ರೆ ನಡುಗ್ತೈತೆ. ಒಂದ್ ಮಾತು ನೆನಪಿಟ್ಕಳ್ರಿ. ಒಂದ್ ಸಲಕ್ಕೆ ಒಂದೇ ತಿರುಪು. ತಿರುಗ್ಸಿ, ಓಡ್ಸಿ, ಬರ್ಕಳ್ರಿ. ಎರಡು ಒಟ್ಟಿಗೆ ತಿರುಗ್ಸಿದ್ರೆ ಯಾವುದು ತಪ್ಪು ಅಂತ ದೇವ್ರಿಗೂ ಗೊತ್ತಾಗಲ್ಲ."

ಕೊನೆಗೆ ಅವನು ವೈರು ಕಟ್ಟುವ ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಗನ್ನು ಆ ಹೊಳೆಯುವ ಸರಳಿನ ಸುತ್ತ ಉಂಗುರದಂತೆ ಕಟ್ಟಿದ. ಹೊರಡುವ ಮೊದಲು ಟ್ಯಾಗನ್ನು ಮೇಲಕ್ಕೆ ಸರಿಸಿ ಕೊಳವೆಯ ಬಾಯಿಗೆ ತಾಗಿಸಬೇಕು. ಓಡುವಾಗ ಗಾಡಿ ಎಷ್ಟು ಕುಸಿಯುತ್ತದೋ ಅಷ್ಟು ಕೆಳಕ್ಕೆ ಕೊಳವೆ ಟ್ಯಾಗನ್ನು ತಳ್ಳುತ್ತದೆ. ತಳ್ಳಿದಲ್ಲೇ ಅದು ನಿಲ್ಲುತ್ತದೆ. ತೀರಾ ತಳಕ್ಕೆ ಬಂದಿದ್ದರೆ ಯಾರೋ ಗಾಡಿಯನ್ನು ಗುಂಡಿಯಲ್ಲಿ ಎತ್ತಿ ಒಗೆದಿದ್ದಾರೆ ಎಂದರ್ಥ.

"ಇದು ಸುಳ್ಳು ಹೇಳಲ್ಲ ಸಾರ್" ಅಂದ.

ನನ್ನಂಥವನ ಕೈಗೆ ಅದನ್ನು ಕೊಡಬಾರದಿತ್ತು. ಗಾಡಿ ಹೋಗಿತ್ತೇ ಇಲ್ಲವೇ, ಹೇಗೆ ಹೋಗಿತ್ತು ಎಂದು ತಾನಾಗಿ ಹೇಳುವ ಗುರುತು! ಆ ಭಾನುವಾರ ರಾಮಗಿರಿಯ ಕಡೆ ಹೋಗಿ ಬಂದೆ. ಗಾಡಿ ಬೆಣ್ಣೆಯಲ್ಲಿ ಚಾಕು ಹೋದಂತೆ ತಿರುವುಗಳಲ್ಲಿ ಹೋಯಿತು. ಬಂದು ನೋಡಿದರೆ ಟ್ಯಾಗು ತಳದಿಂದ ಎರಡು ಬೆರಳು ಮೇಲಿತ್ತು. ಮೇಲಕ್ಕೆ ಸರಿಸಿಟ್ಟು ಮಲಗಿದೆ.

ಸೋಮವಾರ ಸಂಜೆ ನೋಡಿದೆ, ಮೇಲೇ ಇತ್ತು. ಮಂಗಳವಾರ ಬೆಳಿಗ್ಗೆ ಎಂದಿನಂತೆ ಮೊದಲ ಬಸ್ಸಿಗೆ ಹೋದೆ, ಹೆಂಡತಿಯೂ ಹೊಳಲ್ಕೆರೆಯ ತನ್ನ ಶಾಲೆಗೆ ಹೊರಟಳು. ಸಂಜೆ ಬಂದು, ಚಪ್ಪಲಿ ಬಿಡುವ ಮೊದಲು ಬಗ್ಗಿ ನೋಡಿದರೆ ಟ್ಯಾಗು ಪೂರ್ತಿ ತಳದಲ್ಲಿತ್ತು.

ತಮ್ಮನೇ ಓಡಿಸಿದ್ದಾನೆ ಎಂದು ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಅದರಲ್ಲಿ ಒಂದು ಚೂರು ಖುಷಿಯೂ ಇತ್ತು. ಬಸ್ಸಿನಲ್ಲಿ ಟಿಕೆಟ್ ಇಲ್ಲದವನು ಸಿಕ್ಕಾಗ ಆಗುವ ಖುಷಿ ಅದು. ಮೀಟರ್ ನೋಡಿದೆ. ಒಂದು ಕಿಲೋಮೀಟರೂ ಮುಂದೆ ಹೋಗಿರಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ನಾನು ಅಂದುಕೊಂಡೆ: ಮೀಟರಿನ ವೈರ್ ಕಿತ್ತು ಓಡಿಸಿ ಮತ್ತೆ ಸಿಕ್ಕಿಸಿದ್ದಾನೆ, ಎಷ್ಟು ಚಾಲಾಕಿ! ಪೆಟ್ರೋಲ್ ಇದ್ದಷ್ಟೇ ಇತ್ತು. ಖರ್ಚಾದಷ್ಟು ಹಾಕಿಸಿಟ್ಟಿದ್ದಾನೆ. ಎರಡನೆಯ ಕೀಲಿ ಅವ್ವನ ಟ್ರಂಕಿನ ಮೇಲಿನ ಮೊಳೆಯಲ್ಲೇ ನೇತಾಡುತ್ತಿತ್ತು, ಆದರೆ ಅದರ ಹಲ್ಲು ಗೋಡೆಯ ಕಡೆ ಇತ್ತು. ಮೊದಲು ಬಾಗಿಲ ಕಡೆ ಇರಲಿಲ್ಲವೇ? ಇತ್ತು ಎಂದೇ ನೆನಪಾಯಿತು. ಹೆಡ್‌ಲೈಟಿನ ಮೇಲೆ ಹೊಸ ಕುಂಕುಮವೂ ಇತ್ತು. ಅದನ್ನು ನೋಡಿದೆ, ಅದು ಅವ್ವನ ವ್ಯವಹಾರ ಎಂದು ಪಕ್ಕಕ್ಕೆ ಬಿಟ್ಟೆ.

ಟ್ಯಾಗನ್ನು ಮತ್ತೆ ಮೇಲಕ್ಕೆ ಸರಿಸಿಟ್ಟೆ. ಬುಧವಾರ, ಗುರುವಾರ ಅದು ಮೇಲೇ ಇತ್ತು. ಶುಕ್ರವಾರ ಮತ್ತೆ ತಳದಲ್ಲಿ. ಮುಂದಿನ ವಾರವೂ ಅಷ್ಟೇ, ಮಂಗಳವಾರ ಮತ್ತು ಶುಕ್ರವಾರ. ಈಗ ಲೆಕ್ಕ ಕೂಡಿ ಬಂತು. ಅವ್ವ ಪೂಜೆ, ಮಡಿ ಎಂದು ಮುಳುಗಿರುವ ದಿನಗಳು ಅವು. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಕಾಮಾಲೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಯಾರಿಗೂ ಹೇಳಲಿಲ್ಲ. ತಪಾಸಣೆಯವನು ತನ್ನ ಗುರುತನ್ನು ಬಿಟ್ಟುಕೊಡುವುದಿಲ್ಲ, ಹೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ. ಊಟಕ್ಕೆ ಕೂತಾಗ ತಮ್ಮನ ಮುಖವನ್ನೇ ನೋಡುತ್ತಿದ್ದೆ. ಅವನು ತಲೆ ಎತ್ತಿದರೆ ಧೈರ್ಯ ನೋಡು ಎನಿಸುತ್ತಿತ್ತು, ತಗ್ಗಿಸಿದರೆ ತಪ್ಪಿತಸ್ಥ ಎನಿಸುತ್ತಿತ್ತು. "ಯಾಕಣ್ಣ ಹಂಗ್ ನೋಡ್ತೀಯಾ?" ಎಂದು ಒಮ್ಮೆ ಕೇಳಿದ. "ಸುಮ್ನೆ" ಅಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಮುಂಭಾಗ ತಳ ಮುಟ್ಟುವಷ್ಟು ಕುಸಿಯುತ್ತಿದೆ ಎಂದರೆ ಬಿಗಿ ಮಾಡಬೇಕಲ್ಲ? ಪ್ರತಿ ಸಲ ಟ್ಯಾಗು ತಳದಲ್ಲಿ ಕಂಡಾಗಲೂ ಕೊಳವೆಯ ಮೇಲಿನ ನಟ್ಟನ್ನು ಒಂದೋ ಒಂದೂವರೆಯೋ ಸುತ್ತು ಬಿಗಿ ಮಾಡಿದೆ. ಅವನು ಎಷ್ಟು ಎತ್ತಿ ಒಗೆದರೂ ತಡೆಯಲಿ ಎಂದು. ಒರಟಾಗಿ ಓಡಿಸಿ ಸ್ಟೀರಿಂಗ್ ಸಡಿಲ ಮಾಡಿರುತ್ತಾನೆ ಎಂದು ಆ ನಟ್ಟನ್ನೂ ಕಾಲು ಸುತ್ತು ಬಿಗಿದೆ. ಕುಸಿತ ತಡೆಯುವ ಪಕ್ಕದ ತಿರುಪನ್ನೂ ತಿರುಗಿಸಿದೆ. ಒಂದು ಸಲಕ್ಕೆ ಒಂದೇ ಎಂಬ ಮುದುಕನ ಮಾತು ಮರೆತಿರಲಿಲ್ಲ. ಆದರೆ ಅವನೂ ಒಬ್ಬ ಮೆಕ್ಯಾನಿಕ್ ತಾನೇ, ಪದೇ ಪದೇ ಗ್ಯಾರೇಜಿಗೆ ಬರಲಿ ಎಂದು ಹೇಳಿರಬಹುದು ಎನಿಸಿತು. ಬರೆದುಕೊಳ್ಳುವುದನ್ನೂ ಬಿಟ್ಟೆ.

ಮೂರನೆಯ ಭಾನುವಾರ ರಾಮಗಿರಿಯ ಆಚೆಯ ತಿರುವಿನಲ್ಲಿ ಗಾಡಿ ನನ್ನ ಮಾತು ಕೇಳಲಿಲ್ಲ. ಒಳಕ್ಕೆ ಬಾ ಎಂದು ಎಷ್ಟು ವಾಲಿಸಿದರೂ ಹೊರಹೊರಕ್ಕೇ ಓಡಿತು. ಸಣ್ಣ ಉಬ್ಬಿನ ಮೇಲೆ ಮುಂದಿನ ಚಕ್ರ ಟಣ್ಣನೆ ಪುಟಿಯಿತು. ಎದುರಿಗೆ ಹುಲ್ಲು ತುಂಬಿದ ಟ್ರಾಕ್ಟರ್. ಅದರ ಪಕ್ಕದಲ್ಲೇ ಉಜ್ಜಿಕೊಂಡಂತೆ ಹಾದು, ರಸ್ತೆ ಬಿಟ್ಟು, ಜಲ್ಲಿಯಲ್ಲಿ ಜಾರಿ, ಒಂದು ಜಾಲಿ ಗಿಡಕ್ಕೆ ಒರಗಿ ನಿಂತೆ. ಮೊಣಕೈ ತರಚಿತು, ಪ್ಯಾಂಟು ಹರಿಯಿತು, ಅಷ್ಟೇ. ಟ್ರಾಕ್ಟರಿನವನು ಇಳಿದು ಬಂದು, "ಏನಪ್ಪ, ಸಾಯಾಕೆ ನಮ್ ಗಾಡಿನೇ ಬೇಕಿತ್ತಾ?" ಎಂದು ಕೇಳಿ ಹೋದ. ನನಗೆ ಬಂದ ಸಿಟ್ಟೆಲ್ಲ ತಮ್ಮನ ಮೇಲೆ. ನನ್ನ ಗಾಡಿಯನ್ನು ಹಾಳು ಮಾಡಿ ನನ್ನನ್ನು ಕೊಲ್ಲುತ್ತಿದ್ದ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ.

ನೇರ ರೊಪ್ಪದ ಹತ್ತಿರ ಹೋದೆ. ಅವನು ಆಗಷ್ಟೇ ಕುರಿಗಳನ್ನು ಒಳಗೆ ಬಿಡುತ್ತಿದ್ದ. ಅವ್ವ ಮರಿಗಳಿಗೆ ಹಾಲು ಕುಡಿಸಲು ಬಂದಿದ್ದಳು.

"ಲೇ, ಕಂಬಳಿ ಮುಟ್ಟಿದ ಕೈಯಲ್ಲಿ ನನ್ ಗಾಡಿ ಹ್ಯಾಂಡಲ್ ಹಿಡಿದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?" ಅಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಕಪ್ಪಿಟ್ಟಿತು. "ನಾನಾ? ಯಾವಾಗ?"

"ಮಂಗಳಾರ, ಶುಕ್ರಾರ. ದಿನಾನೂ ಹೇಳ್ಲಾ, ವಾರಾನೂ ಹೇಳ್ಲಾ?"

"ಯಾರ್ ನೋಡಿದ್ರು?"

"ಯಾರೂ ನೋಡ್ಬೇಕಾಗಿಲ್ಲ. ಗುರುತು ಐತೆ."

"ಏನ್ ಗುರುತಣ್ಣ?"

"ಅದು ನಂಗೊತ್ತು."

ಅವ್ವ ನನ್ನ ಮುಖ ಒಮ್ಮೆ, ಅವನ ಮುಖ ಒಮ್ಮೆ ನೋಡಿದಳು. "ಮುಟ್ಟಿದ್ಯೇನೋ?" ಎಂದು ಅವನನ್ನು ಕೇಳಿದಳು. ನಾನು ಇಷ್ಟು ಖಚಿತವಾಗಿ ಹೇಳಿದ್ದರಿಂದಲೇ ಅವಳು ಕೇಳಿದ್ದು. ನಾನು ಬೈದದ್ದಕ್ಕಿಂತ ಅವ್ವ ಕೇಳಿದ್ದೇ ಅವನಿಗೆ ತಾಗಿತು ಎಂದು ಈಗ ಗೊತ್ತಾಗುತ್ತದೆ. ಕೊನೆಯ ಕುರಿ ಒಳಗೆ ಹೋಗುವವರೆಗೂ ಹೊರಗೇ ನಿಂತು, ಬೇಲಿಯ ಬಾಯಿ ಮುಚ್ಚಿದ. ಮನೆಗೆ ಬಂದು ಹೊಸಿಲಿನ ಪಕ್ಕದಲ್ಲಿ ಕೋಲನ್ನು ಒರಗಿಸಿ, ಕಂಬಳಿಯನ್ನು ಮಡಿಸಿ ಅದರ ಬುಡದಲ್ಲಿಟ್ಟ.

"ನನ್ ಮಾತು ನಿಜ ಅಂತ ಆಗೋ ತನಕ ನಾನು ರೊಪ್ಪದೊಳಗೆ ಕಾಲಿಡಲ್ಲ" ಅಂದ.

ಮರುದಿನದಿಂದ ಕುರಿಗಳ ಹಿಂದೆ ಅವ್ವ ಹೋದಳು. ಅರವತ್ತೈದು ದಾಟಿದವಳು, ಮಂಡಿನೋವಿನವಳು, ಸೆರಗನ್ನು ತಲೆಗೆ ಸುತ್ತಿ ಗುಡ್ಡದ ಕಡೆ ನಡೆದಳು. ತಮ್ಮ ಜಗಲಿಯ ಮೇಲೆ ಗೋಡೆ ನೋಡುತ್ತಾ ಕೂತಿರುತ್ತಿದ್ದ. ಅವನ ದನಿ ಕೇಳದೆ ಕುರಿಗಳು ಸಂಜೆ ರೊಪ್ಪಕ್ಕೆ ಹೋಗಲು ಒಪ್ಪದೆ ಅರಚುತ್ತಿದ್ದವು. "ಏನ್ ಗುರುತು ಅಂತನಾದ್ರೂ ಹೇಳ್ರಿ" ಎಂದು ಹೆಂಡತಿ ಬೇಡಿದಳು. ಹೇಳಲಿಲ್ಲ. ಆ ಮಂಗಳವಾರವೂ ಟ್ಯಾಗು ತಳದಲ್ಲೇ ಇತ್ತು. ಜಗಲಿಯ ಮೇಲೆ ಕೂತೇ ಇದ್ದವನು ಮತ್ತೆ ಓಡಿಸಿದ್ದಾನೆ, ಎಂಥ ನಾಟಕ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಶುಕ್ರವಾರ ಕೈಯಾರೆ ಹಿಡಿಯಲೇಬೇಕೆಂದು ರಜೆ ಹಾಕಿದೆ. ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಯೂನಿಫಾರಂ ತೊಟ್ಟು, ಹೆಂಡತಿಯನ್ನು ಬಸ್ಸು ಹತ್ತಿಸಿ, ನಾನು ಚಿತ್ರದುರ್ಗದ ಬಸ್ಸಿಗೆ ಕಾಯುವವನಂತೆ ನಿಂತೆ. ಆಮೇಲೆ ಹೊಲದ ಬದುವಿನ ಮೇಲೆ ಸುತ್ತಿ ಬಂದು ನಮ್ಮದೇ ಹುಲ್ಲಿನ ಬಣವೆಯ ಹಿಂದೆ ಕುಳಿತೆ. ಸರ್ಕಾರಿ ಬಿಲ್ಲೆ ಎದೆಯ ಮೇಲೆ ಹೊಳೆಯುತ್ತಿತ್ತು. ಕಾಲ ಬುಡದಲ್ಲಿ ಇರುವೆಗಳು ಕಚ್ಚುತ್ತಿದ್ದವು. ಹುಲ್ಲಿನ ಸಂದಿಯಿಂದ ಅಂಗಳ, ಗಾಡಿ, ಜಗಲಿಯ ಮೇಲಿನ ತಮ್ಮ, ಎಲ್ಲ ಕಾಣುತ್ತಿತ್ತು. ಈಗ ಏಳುತ್ತಾನೆ, ಈಗ ಕೀಲಿ ತರುತ್ತಾನೆ ಎಂದು ಕಾದೆ.

ತಮ್ಮ ಏಳಲಿಲ್ಲ. ಅವ್ವ ಬಂದಳು. ಕೈಯಲ್ಲಿ ತಂಬಿಗೆ ನೀರು, ಹೆಗಲ ಮೇಲೆ ಒಂದು ಬಟ್ಟೆ. ಗಾಡಿಯ ಮುಂದೆ ಕೂತು, ಮುಂದಿನ ಹೊಳೆಯುವ ಸರಳಿನ ಮೇಲೆ ನೀರು ಹನಿಸಿ, ಎರಡು ಬೆರಳಿನಿಂದ ಆ ಕಪ್ಪು ಟ್ಯಾಗನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿದಳು. ತಳ ಮುಟ್ಟುವ ತನಕ. ಆಮೇಲೆ ಮೇಲಿಂದ ಕೆಳಕ್ಕೆ ಬಟ್ಟೆಯಿಂದ ಒರೆಸಿದಳು. ಎದ್ದು ಹೆಡ್‌ಲೈಟಿಗೆ ಕುಂಕುಮ ಇಟ್ಟಳು.

ನಾನು ಬಣವೆಯ ಹಿಂದಿನಿಂದ ಎದ್ದು ಬಂದೆ. ತಲೆಯ ತುಂಬಾ ಹುಲ್ಲು.

"ಬಸ್ ತಪ್ತೇನೋ?" ಅಂದಳು ಅವ್ವ.

"ಅವ್ವ, ಅದನ್ನ ಯಾಕೆ ಕೆಳಕ್ಕೆ ಸರಿಸ್ದೆ?"

"ಯಾವುದು, ಈ ಕಡಗನಾ? ಕಾಲು ತೊಳೀಬೇಕಲ್ಲಪ್ಪ. ಕಾಲು ತೊಳೀದೆ ಕುಂಕುಮ ಇಡ್ತಾರೇನೋ? ನಮ್ ಟಗರಿಗೂ ಹಂಗೇ ಅಲ್ವಾ, ಕಡಗ ಗೊರಸಿನ ತನಕ ಇಳಿಸಿ ತೊಳಿಯೋದು. ನೀನು ಚಿಕ್ಕೋನಿದ್ದಾಗ ಟಗರಿನ ಕಿವಿ ಹಿಡ್ಕಂಡು ನಿಂತ್ಕಂತಿದ್ದೆ, ಮರ್ತೋಯ್ತಾ?"

"ಯಾವಾಗಿಂದ ಮಾಡ್ತಿದೀಯ?"

"ಇದು ಮನೆಗೆ ಬಂದಾಗಿಂದ. ಮಂಗಳಾರ, ಶುಕ್ರಾರ."

ಜಗಲಿಯ ಮೇಲಿಂದ ತಮ್ಮ ಎದ್ದು ನಿಂತ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅದೇನಾ ಗುರುತು?" ಅಂದ. "ಒಂದ್ ಪ್ಲಾಸ್ಟಿಕ್ ಚೂರು ನೋಡಿ ನನ್ ಮಾತು ಸುಳ್ಳು ಅಂದ್ಯಾ ಅಣ್ಣ?"

"ತಪ್ಪಾಯ್ತು ಕಣೋ" ಅಂದೆ.

"ತಪ್ಪಾಯ್ತು ಅನ್ನೋದು ಸುಲಭ. ಇವತ್ತು ಇದು ಸುಳ್ಳಾಯ್ತು. ನಾಳೆ ಇನ್ನೊಂದ್ ಗುರುತು ಹುಡುಕ್ತೀಯ."

ಕೋಲನ್ನು ಅವನು ಮುಟ್ಟಲಿಲ್ಲ. ಅವ್ವ ಕುರಿ ಬಿಡಲು ಹೊರಟವಳು ಅಲ್ಲೇ ನಿಂತಳು. ಆಗ ನನಗೆ ಗಾಡಿಯ ನೆನಪಾಯಿತು. ಸುಳ್ಳು ಗುರುತನ್ನು ನಂಬಿ ನಾನು ಮಾಡಿದ ಬಿಗಿಗಳೆಲ್ಲ ಅದರೊಳಗೇ ಇದ್ದವು. ರಾಮಗಿರಿಯ ತಿರುವಿನಲ್ಲಿ ನನ್ನನ್ನು ಹೊರಕ್ಕೆ ತಳ್ಳಿದ್ದು ತಮ್ಮನಲ್ಲ, ನನ್ನದೇ ಸ್ಪ್ಯಾನರು. ಸ್ಟೀರಿಂಗ್ ನಟ್ಟು ಕಾಲು ಸುತ್ತು ಎಂದು ನೆನಪಿತ್ತು, ಸಡಿಲಿಸಿದೆ. ಪಕ್ಕದ ತಿರುಪನ್ನು ಉಗುರುಬಣ್ಣದ ಚುಕ್ಕೆ ನೋಡಿ ಹಿಂದಕ್ಕೆ ತಂದೆ. ಮೇಲಿನ ನಟ್ಟನ್ನು ಎಷ್ಟು ಸಲ ತಿರುಗಿಸಿದ್ದೆ ಎಂಬುದು ಮರೆತುಹೋಗಿತ್ತು. ಮತ್ತೆ ಅಳೆಯಲೇಬೇಕು, ಅಳೆಯಲು ಮೂರು ಜನ ಬೇಕು. ಕೂರುವವನೊಬ್ಬ, ಹ್ಯಾಂಡಲ್ ಹಿಡಿಯುವವನೊಬ್ಬ, ಟೇಪು ಓದುವವನೊಬ್ಬ. ಕೂತವನು ಬಗ್ಗಿ ನೋಡುವಂತಿಲ್ಲ, ಬಗ್ಗಿದರೆ ಭಾರ ಮುಂದಕ್ಕೆ ಹೋಗಿ ಅಳತೆ ಕೆಡುತ್ತದೆ.

ತಮ್ಮನನ್ನು ಕೇಳಿದೆ. "ಹ್ಯಾಂಡಲ್ ಮುಟ್ಟಲ್ಲ. ಟೇಪು ಕೊಡು" ಅಂದ.

ಹ್ಯಾಂಡಲನ್ನು ಅವ್ವ ಹಿಡಿದಳು. ಟಗರಿನ ಕೊಂಬು ಹಿಡಿಯುವಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಾಲು ಅಗಲಿಸಿ ನಿಂತಳು. ನಾನು ಹತ್ತಿ, ಎರಡೂ ಕಾಲು ಮೇಲಿಟ್ಟು, ರಸ್ತೆಯಲ್ಲಿ ಕೂರುವಂತೆ ಕೂತೆ. ನೆಲಕ್ಕೆ ನನ್ನ ಆಸರೆ ಇರಲಿಲ್ಲ. ಅವ್ವ ಕೈಬಿಟ್ಟರೆ ಬೀಳುತ್ತಿದ್ದೆ. ತಮ್ಮ ಚಕ್ರದ ಪಕ್ಕ ಕುಳಿತ. ಅವನ ನೆತ್ತಿ ಮಾತ್ರ ನನಗೆ ಕಾಣುತ್ತಿತ್ತು.

"ನೂರಾ ಎರಡು" ಅಂದ. ಹದಿನೆಂಟು ಮಾತ್ರ ಒಳಗೆ ಹೋಗಿತ್ತು. ಅಷ್ಟು ಬಿಗಿ ಮಾಡಿದ್ದೆ. ಇಳಿದು ಎರಡು ಸುತ್ತು ಸಡಿಲಿಸಿ ಮತ್ತೆ ಹತ್ತಿದೆ. "ತೊಂಬತ್ತಾರು." ಮತ್ತೆ ಇಳಿದೆ, ಸಡಿಲಿಸಿದೆ, ಹತ್ತಿದೆ. ಅವನು ಟೇಪು ಹಿಡಿದು ತಡ ಮಾಡಿದ. ಆ ತಡದಲ್ಲಿ ನ‌ನ್ನ ತಲೆಯೊಳಗಿನ ಹಳೆಯ ಹುಳು ಮತ್ತೆ ಎದ್ದಿತು. ಇವನಿಗೆ ಸಿಟ್ಟಿದೆ. ಬೇಕಂತಲೇ ತಪ್ಪು ಹೇಳಿದರೆ? ರಾಮಗಿರಿಯ ತಿರುವಿಗೆ ಹೋಗುವವನು ನಾನು.

"ಎಂಬತ್ತೆಂಟು" ಅಂದ.

ಮೂವತ್ತೆರಡು ಒಳಗೆ ಹೋಗಿತ್ತು. ಬೇಕಾದಷ್ಟೇ. ಅವನು ಟೇಪನ್ನು ಅಲ್ಲೇ ಹಿಡಿದು, ತಲೆ ಎತ್ತಿ ನನ್ನನ್ನು ನೋಡಿದ.

"ಇಳಿದು ನೋಡಲ್ವಾ?"

"ಬೇಡ. ನೀನು ಹೇಳಿದ್ಯಲ್ಲ, ಸಾಕು" ಅಂದೆ.

ಅವನು ಟೇಪನ್ನು ಜಗಲಿಯ ಮೇಲಿಟ್ಟ. ಹೊಸಿಲಿನ ಪಕ್ಕ ಹೋಗಿ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ, ಕೋಲು ತೆಗೆದುಕೊಂಡ, ರೊಪ್ಪದ ಬೇಲಿ ತೆಗೆದು ಒಳಗೆ ಹೋದ. ಕುರಿಗಳು ಅವನನ್ನು ಕಂಡು ಅರಚಿದ ಸದ್ದು ಅಂಗಳದವರೆಗೂ ಕೇಳಿಸಿತು. ಅವ್ವ ಹ್ಯಾಂಡಲ್ ಹಿಡಿದುಕೊಂಡೇ ಅತ್ತಳು. ನಾನು ಇಳಿಯುವವರೆಗೂ ಅವಳು ಕೈಬಿಡುವಂತಿರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗಿಬಿಡುತ್ತಿದ್ದೆ. ಮುಂದಿನ ಭಾನುವಾರ ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಗಾಡಿ ಹತ್ತಿದೆ. ಹತ್ತಿರದ ರಾಮಗಿರಿಗೆ ಹೋಗಿ ತಿರುವಿನಲ್ಲಿ ಪರೀಕ್ಷಿಸಬಹುದಿತ್ತು. ಧೈರ್ಯ ಬರಲಿಲ್ಲ. ನೇರ ರಸ್ತೆಯಲ್ಲಿ, ನಿಧಾನವಾಗಿ, ಅಷ್ಟು ದೂರ ಹಿರಿಯೂರಿಗೆ ಹೋಗಿ ಮುದುಕ ಮೆಕ್ಯಾನಿಕ್ ಮುಂದೆ ನಿಲ್ಲಿಸಿದೆ. "ಒಂದ್ ಸಲ ಅಳತೆ ನೋಡ್ರಿ" ಅಂದೆ. ಅವನು ನನ್ನನ್ನು ಕೂರಿಸಿ, ಹ್ಯಾಂಡಲ್ ಹಿಡಿಸಿ, ಕನ್ನಡಕ ಹಾಕಿಕೊಂಡು ಟೇಪು ಹಿಡಿದ.

"ಎಂಬತ್ತೆಂಟು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಯಾರ್ ಮಾಡಿದ್ದು ಸಾರ್ ಇದನ್ನ?"

"ನನ್ನ ತಮ್ಮ."

"ಚೆನ್ನಾಗ್ ಮಾಡವ್ನೆ. ಮತ್ತೆ ಇಲ್ಲೀ ತನಕ ಯಾಕ್ ತಂದ್ರಿ?"

ನಾನು ಆಚೆ ನಿಂತಿದ್ದ ತೆಂಗಿನಕಾಯಿ ಲಾರಿಯ ಕಡೆ ನೋಡಿದೆ. ಹಾಗೆ ಬೇರೆ ಕಡೆ ನೋಡುವುದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಾಪಸು ಬರುವಾಗ ಸುತ್ತು ಹಾಕಿ ರಾಮಗಿರಿಯ ತಿರುವಿಗೂ ಹೋದೆ. ಗಾಡಿ ಹೇಳಿದಂತೆ ಕೇಳಿತು. ಸಂಜೆ ಮನೆ ಮುಟ್ಟಿದಾಗ ತಮ್ಮ ಕುರಿಗಳನ್ನು ಒಳಗೆ ಬಿಟ್ಟು, ಕೈಕಾಲು ತೊಳೆದು ಜಗಲಿಯ ಮೇಲೆ ಕೂತಿದ್ದ.

"ಎಲ್ಲಿಗೆ ಹೋಗಿದ್ದೆ ಅಣ್ಣ? ಮಧ್ಯಾಹ್ನ ಉಣ್ಣಾಕೂ ಬರ್ಲಿಲ್ಲ" ಅಂದ.

"ಹಿರಿಯೂರಿಗೆ. ಡ್ಯೂಟಿ ಹಾಕಿದ್ರು" ಅಂದೆ.

"ಭಾನುವಾರಾನೂ ಬಿಡಲ್ವಾ ಅವ್ರು?" ಎಂದು ಮರುಗಿ, ಅವನೇ ಎದ್ದು ಒಳಗೆ ಹೋಗಿ ನನಗೊಂದು ಚೊಂಬು ನೀರು ತಂದು ಕೊಟ್ಟ. ನನ್ನ ಮುಖವನ್ನು ನೇರವಾಗಿಯೇ ನೋಡಿದ. ನೋಡಿ, ನಂಬಿದ.